ಮಾಂಜ್ರಾ ದಂಡೆಯ ಮನೆ: ಕಾಗದ ಹೇಳಿದ್ದು, ಹೊಳೆ ಹೇಳಿದ್ದು

ಬೆಂಗಳೂರು, ಹೈದರಾಬಾದು, ಪುಣೆಯಲ್ಲಿರುವ ನಮ್ಮ ಕಡೆಯವರು ಫೋನು ಮಾಡಿದರೆ ಈಗೀಗ ಒಂದು ಮಾತು ಬಂದೇ ಬರುತ್ತದೆ. "ಊರ ಕಡಿ ಹೊಳಿ ದಂಡಿಗಿ ಒಂದು ಸಣ್ಣ ಮನಿ ತಗೋಬೇಕು ನೋಡ್ರಿ." ಬೆಳಗೆದ್ದರೆ ನೀರು ಕಾಣಬೇಕು, ಸಂಜೆಗೆ ತಂಪು ಗಾಳಿ ಬರಬೇಕು, ಹಿತ್ತಲಲ್ಲಿ ನಾಲ್ಕು ಸೀತಾಫಲದ ಗಿಡ ಇರಬೇಕು. ಆಸೆಯಲ್ಲಿ ತಪ್ಪೇನಿಲ್ಲ. ಆಸೆಯ ಹಿಂದೆಯೇ ಎರಡು ಪ್ರಶ್ನೆ ಬರುತ್ತವೆ. ರೇಟು ಎಷ್ಟು ನಡೆದಿದೆ? ಕಾಗದ ಎಲ್ಲಾ ಸರಿ ಇದೆಯಾ?

ಮೂರನೆಯ ಪ್ರಶ್ನೆ ಒಂದಿದೆ, ಅದನ್ನು ಕೇಳುವವರು ಕಡಿಮೆ. ಇಷ್ಟು ಚೆಂದದ ಜಾಗದಲ್ಲಿ ನಮ್ಮ ಅಜ್ಜ ಮುತ್ತಜ್ಜಂದಿರು ಮನೆ ಕಟ್ಟದೆ ಯಾಕೆ ಬಿಟ್ಟರು? ಅವರಿಗೆ ನೀರು ನೋಡುವ ಕಣ್ಣಿರಲಿಲ್ಲವೇ?

ಈ ಬರಹ ಆ ಮೂರನೆಯ ಪ್ರಶ್ನೆಯ ಬೆನ್ನು ಹತ್ತಿ ಹೋದದ್ದು. ಸ್ವಲ್ಪ ಉದ್ದ ಆಗಿದೆ, ಚಹಾ ಹಿಡಿದುಕೊಂಡೇ ಓದಿ.

ಮೊದಲು ಸೀಮೆ ಯಾವುದು ಹೇಳಿಬಿಡುತ್ತೇನೆ. ಬೀದರ, ಭಾಲ್ಕಿ, ಔರಾದ. ಬೀದರಿನ ಮೈಲೂರ ಒಂದು ಕಾಲಕ್ಕೆ ಊರಾಚೆಯ ಹಳ್ಳಿ, ಈಗ ನಗರದ ಬಡಾವಣೆ. ನೌಬಾದಿನ ಕತೆಯೂ ಅದೇ. ಇವೆಲ್ಲ ನಿಂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲಿನ ಮೇಲೆ. ಇಲ್ಲಿಂದ ಜನವಾಡ ದಾಟಿ ಔರಾದ ರಸ್ತೆ ಹಿಡಿದರೆ ನೆಲ ಇಳಿಯುತ್ತಾ ಹೋಗುತ್ತದೆ. ಕೆಂಪು ಮಣ್ಣು ಮುಗಿದು ಕರಿಮಣ್ಣು ಶುರುವಾಗುತ್ತದೆ. ಮುಂದೆ ಕೌಠಾ ಹತ್ತಿರ ಸೇತುವೆ, ಅದರ ಕೆಳಗೆ ಮಾಂಜ್ರಾ.

ಕರ್ನಾಟಕ ಅಂದರೆ ಕಾವೇರಿ, ಕೃಷ್ಣೆ ಎನ್ನುವವರಿಗೆ ನಮ್ಮದು ಗೋದಾವರಿ ಕೊಳ್ಳ ಅಂತ ಪ್ರತಿ ಸಲ ನೆನಪು ಮಾಡಿಕೊಡಬೇಕಾಗುತ್ತದೆ. ಮಾಂಜ್ರಾ ಹುಟ್ಟುವುದು ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ ಗುಡ್ಡಗಳಲ್ಲಿ. ಲಾತೂರ ಸೀಮೆ ಹಾದು, ನಮ್ಮ ಭಾಲ್ಕಿ, ಔರಾದ, ಬೀದರ ತಾಲ್ಲೂಕುಗಳನ್ನು ಸವರಿಕೊಂಡು, ತೆಲಂಗಾಣಕ್ಕೆ ಇಳಿದು ಕಂದಕುರ್ತಿ ಹತ್ತಿರ ಗೋದಾವರಿ ಸೇರುತ್ತದೆ. ಒಟ್ಟು ಸುಮಾರು 724 ಕಿಲೋಮೀಟರು. ದಾರಿಯಲ್ಲಿ ತೇರಣಾ, ಕಾರಂಜಾದಂಥ ಹೊಳೆಗಳು ಬಂದು ಕೂಡುತ್ತವೆ. ಈ ಎರಡು ಹೆಸರು ನೆನಪಿಡಿ, ಮುಂದೆ ಬರುತ್ತವೆ.

15ನೇ ಶತಮಾನದ ಮೊದಲ ಭಾಗದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಿಗೆ ತಂದ. ಅವನು ಮನಸ್ಸು ಮಾಡಿದ್ದರೆ ಹೊಳೆ ದಂಡೆಯಲ್ಲೇ ಊರು ಕಟ್ಟಿಸಬಹುದಿತ್ತು. ಕಟ್ಟಿಸಲಿಲ್ಲ. ಎತ್ತರದ ಕೆಂಪು ಕಲ್ಲಿನ ಅಂಚನ್ನು ಹುಡುಕಿ ಕೋಟೆ ಎಬ್ಬಿಸಿದ. ರಕ್ಷಣೆಯೇ ಮುಖ್ಯ ಕಾರಣ, ಒಪ್ಪೋಣ. ಆದರೆ ಎತ್ತರಕ್ಕೆ ಹೋದ ಮೇಲೆ ನೀರಿನ ಚಿಂತೆ ಬಂತಲ್ಲ? ಅದಕ್ಕೆ ಹೊಳೆಗೆ ಇಳಿಯದೆ ಪರ್ಷಿಯಾದ ಕಡೆಯ ವಿದ್ಯೆ ತಂದು ನೆಲದೊಳಗೇ ಸುರಂಗ ಕೊರೆದರು. ಅದೇ ಕರೇಜ್. ನೌಬಾದಿನಲ್ಲಿ ಅದರ ಬಾವಿಗಳಂಥ ಗಾಳಿಕಿಂಡಿಗಳು ಇವತ್ತೂ ಇವೆ. ರಾಜರು ನೀರನ್ನು ಮನೆ ಹತ್ತಿರ ತರಿಸಿದರು, ಮನೆಯನ್ನು ಹೊಳೆ ಹತ್ತಿರ ಒಯ್ಯಲಿಲ್ಲ.

ಸರಿ, ರಾಜರ ಮಾತು ಬಿಡಿ. ದಂಡೆಯ ಹಳ್ಳಿಯವರು ಏನು ಮಾಡಿದರು?

ಅವರಿಗೆ ಕೋಟೆ ಇರಲಿಲ್ಲ, ಮಣ್ಣಿನ ತಿಳಿವಳಿಕೆ ಇತ್ತು. ಮಾಂಜ್ರಾ ಬದಿಯ ಕರಿಮಣ್ಣು ಬೆಳೆಗೆ ಬಂಗಾರ, ಗೋಡೆಗೆ ಶತ್ರು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಅದರ ಮೇಲೆ ಗಟ್ಟಿ ಪಾಯವಿಲ್ಲದೆ ಎಬ್ಬಿಸಿದ ಗೋಡೆ ನಾಲ್ಕು ವರ್ಷಕ್ಕೆ ಸೀಳುತ್ತದೆ. ಕನ್ನಡ, ಮರಾಠಿ ಎರಡೂ ಆಡುವ ನಮ್ಮ ಗಡಿಯ ಹಳ್ಳಿಗಳಲ್ಲಿ ಹಳೆಯ ಎರಡು ಮಾತುಗಳಿವೆ: 'ಕಾಳಿ' ಮತ್ತು 'ಪಾಂಢರಿ'. ಕಾಳಿ ಅಂದರೆ ಕರಿನೆಲ, ಉಳುವ ಹೊಲ. ಪಾಂಢರಿ ಅಂದರೆ ಬಿಳಿನೆಲ, ಊರು ನಿಲ್ಲುವ ಜಾಗ. ಒಂದು ಉಣ್ಣಿಸುವುದಕ್ಕೆ, ಇನ್ನೊಂದು ಮಲಗುವುದಕ್ಕೆ.

ಹಳೆಯ ಊರುಗಳು ದಿಬ್ಬದ ಮೇಲೆ ಇರುತ್ತವೆ, ಗಮನಿಸಿದ್ದೀರಾ? ಆ ದಿಬ್ಬದಲ್ಲಿ ಅರ್ಧ ನೆಲದ್ದು, ಅರ್ಧ ಮನೆಗಳದ್ದು. ಮಣ್ಣಿನ ಗೋಡೆ ಬಿದ್ದರೆ ಅದೇ ಮಣ್ಣನ್ನು ತುಳಿದು ಮಟ್ಟ ಮಾಡಿ ಮೇಲೆ ಹೊಸ ಗೋಡೆ ಎಬ್ಬಿಸುತ್ತಿದ್ದರು. ಹೀಗೆ ತಲೆಮಾರಿನ ಮೇಲೆ ತಲೆಮಾರು ಊರು ತಾನೇ ಮೇಲೇರಿದೆ. ನೆತ್ತಿಯ ಮೇಲೆ ಪಾಟೀಲರ ಗಢಿ ಅಥವಾ ಹನುಮಂತನ ಗುಡಿ. ಹೊಳೆಗೂ ಊರಿಗೂ ನಡುವೆ ಬಿಟ್ಟ ನೆಲ ಖಾಲಿ ಇರಲಿಲ್ಲ. ಮಳೆಗಾಲದಲ್ಲಿ ಅದು ಹೊಳೆಯ ಪಾಲು. ನೀರು ಇಳಿದ ಮೇಲೆ ರೈತನ ಪಾಲು: ಹಿಂಗಾರಿ ಜೋಳ, ಕಡಲೆ, ಮರಳಿನಲ್ಲಿ ಕಲ್ಲಂಗಡಿ, ಕರಬೂಜ. ಉಳಿದ ಹುಲ್ಲು ದೇವಣಿ ದನಗಳದ್ದು. ಹೊಳೆಯ ಜೊತೆ ಪಾಳಿ ಹಚ್ಚಿಕೊಂಡು ಬದುಕಿದವರು ಅವರು.

ಆದರೆ ದಿಬ್ಬದ ಎತ್ತರ ಎಲ್ಲರಿಗೂ ಸಿಗಲಿಲ್ಲ. ಇದನ್ನು ಬಿಟ್ಟು ಬರೆದರೆ ಇತಿಹಾಸ ಅರ್ಧವಾಗುತ್ತದೆ. ನೆತ್ತಿ ಪಾಟೀಲರಿಗೆ, ಕುಲಕರ್ಣಿಗಳಿಗೆ. ಇಳಿಜಾರು ಒಕ್ಕಲಿಗರಿಗೆ, ಕಸುಬಿನವರಿಗೆ. ದಲಿತರ ಕೇರಿ ಊರ ಅಂಚಿಗೆ, ಎಷ್ಟೋ ಕಡೆ ಹಳ್ಳದ ಬದಿಯ ತಗ್ಗಿಗೆ. ನೆರೆ ಬಂದಾಗ ಮೊದಲು ಯಾರ ಮನೆಗೆ ನೀರು ನುಗ್ಗುತ್ತಿತ್ತು ಅನ್ನುವುದಕ್ಕೆ ಬೇರೆ ದಾಖಲೆ ಬೇಕಿಲ್ಲ, ಊರಿನ ನಕ್ಷೆ ಸಾಕು. ಹೊಳೆ ಜಾತಿ ನೋಡುವುದಿಲ್ಲ, ನಿಜ. ಆದರೆ ತಗ್ಗಿನಲ್ಲಿ ಯಾರಿರಬೇಕು ಅಂತ ನಿರ್ಧರಿಸಿದವರು ನೋಡಿದ್ದರು.

ಇನ್ನು 'ಮನೆ ಕೊಳ್ಳುವುದು' ಅನ್ನುವ ವಿಷಯಕ್ಕೆ ಬರೋಣ.

ಹಳೆಯ ಕಾಲದಲ್ಲಿ ಇಂಥ ಊರಿನಲ್ಲಿ ಹೊರಗಿನವನೊಬ್ಬ ದುಡ್ಡು ಕೊಟ್ಟು ಮನೆ ಕೊಳ್ಳುವುದು ಅಪರೂಪ. ಊರಿಗೆ ಒಬ್ಬ ಕಮ್ಮಾರನೋ ಕುಂಬಾರನೋ ಬೇಕಾದರೆ ಕರೆದು ಜಾಗ ತೋರಿಸುತ್ತಿದ್ದರು. ಜಾಗದ ಜೊತೆ ಆಯ ಬರುತ್ತಿತ್ತು, ಆಯದ ಜೊತೆ ಕೆಲಸ. ಯಾರ ಮನೆ ಯಾವುದು ಅನ್ನುವುದು ಊರ ಬಾಯಲ್ಲಿತ್ತು, ಕಾಗದದಲ್ಲಿ ಇರಲಿಲ್ಲ.

ಕಾಗದ ಬಂದದ್ದು ಹೊಲಕ್ಕೆ. ನಿಜಾಮರ ರಾಜ್ಯದಲ್ಲಿ ದಿವಾನ ಸಾಲಾರ್ ಜಂಗ್ 1870ರ ದಶಕದಲ್ಲಿ ಸರ್ವೆ ಇಲಾಖೆ ಮಾಡಿದ. ಸರ್ವೆಯವರು ಸರಪಳಿ ಎಳೆದು ಹೊಲಕ್ಕೊಂದು ನಂಬರು ಕೊಟ್ಟರು, ಯಾಕೆಂದರೆ ಕಂದಾಯ ಬರುವುದು ಹೊಲದಿಂದ. ಮನೆಗಳಿರುವ ಜಾಗವನ್ನು ಸುತ್ತ ಒಂದು ಗೆರೆ ಹಾಕಿ 'ಆಬಾದಿ' ಅಥವಾ 'ಗಾವಠಾಣ' ಅಂತ ಬರೆದು ಬಿಟ್ಟರು. ಆ ಗೆರೆಯ ಒಳಗೆ ಯಾರ ಗೋಡೆ ಎಲ್ಲಿ ಮುಗಿಯುತ್ತದೆ ಅನ್ನುವುದು ಸರ್ಕಾರಕ್ಕೆ ಬೇಕಾಗಿರಲಿಲ್ಲ. ಇವತ್ತು ಹಳ್ಳಿಯ ಮನೆ ಕೊಳ್ಳಲು ಹೋದವರು 'ಸರ್ವೆ ನಂಬರ್ ಯಾವುದು' ಅಂತ ಕೇಳಿ, ಉತ್ತರ ಸಿಗದೆ ತಲೆ ಕೆರೆದುಕೊಳ್ಳುವುದಕ್ಕೆ ಮೂಲ ಇಲ್ಲಿದೆ.

ಇದ್ದ ಕಾಗದವೂ ಉರ್ದುವಿನಲ್ಲಿ. ಪಟ್ಟಾ, ಪಹಣಿ, ನಕ್ಷಾ, ಇನಾಮು... ಈ ಮಾತುಗಳು ಈಗ ಕನ್ನಡವೇ ಆಗಿಹೋಗಿವೆ. ವರ್ಷ ಫಸಲಿ ಲೆಕ್ಕದ್ದು. ಹಳೆಯ ಕಾಗದದಲ್ಲಿ 1340 ಅಂತ ಇದ್ದರೆ ಗಾಬರಿಯಾಗಬೇಡಿ, ಬಹಮನಿಗಿಂತ ಹಿಂದಿನದಲ್ಲ. 590 ಕೂಡಿಸಿ, ಸುಮಾರು 1930 ಬರುತ್ತದೆ. ಕನ್ನಡಕ್ಕೆ ಆಗ ಎಂಥ ಕಾಲ ಅಂದರೆ, ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮನೆಯ ಯಜಮಾನನಿಗೇ ತನ್ನ ಮನೆಯ ಕಾಗದ ಓದಲು ಬರುತ್ತಿರಲಿಲ್ಲ. ಪಟವಾರಿ ಹೇಳಿದ್ದೇ ಅರ್ಥ. ಮೇಲಾಗಿ ಜಿಲ್ಲೆಯ ದೊಡ್ಡ ಭಾಗ ಜಾಗೀರು, ಪಾಯಗಾ ದೊರೆಗಳ ಕೈಯಲ್ಲಿತ್ತು. ಅಲ್ಲಿನ ಕಾಗದಪತ್ರ ಅವರವರ ಕಚೇರಿಯದ್ದು.

ಆಮೇಲೆ 1948 ಬಂತು.

ಆ ವರ್ಷದ ಬಗ್ಗೆ ನಮ್ಮ ಹಿರಿಯರು ದನಿ ತಗ್ಗಿಸಿಯೇ ಮಾತಾಡುತ್ತಾರೆ. ರಜಾಕಾರರ ಹಾವಳಿಗೆ ಹೆದರಿ ಎಷ್ಟೋ ಕುಟುಂಬಗಳು ಬಾಗಿಲಿಗೆ ಬೀಗ ಹಾಕಿ ಸೊಲ್ಲಾಪುರ, ಬಾರ್ಶಿ ಕಡೆ ಓಡಿದವು. ಮೇ ತಿಂಗಳಲ್ಲಿ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡ ಎಲ್ಲರಿಗೂ ಗೊತ್ತಿದೆ. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ ಹೈದರಾಬಾದು ಭಾರತಕ್ಕೆ ಸೇರಿದ ಮೇಲೆ ಸೇಡಿನ ಹಿಂಸೆ ಮುಸ್ಲಿಮರ ಕಡೆ ತಿರುಗಿತು. ಆಗ ಮನೆ ಬಿಟ್ಟು ಓಡಿದವರು ಅವರು. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಅವರ ತಂಡ, ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಹೆಸರಿಸಿತು. ಆ ವರದಿ ಸಾರ್ವಜನಿಕರಿಗೆ ಓದಲು ಸಿಕ್ಕಿದ್ದು 2013ರಲ್ಲಿ.

ಮನೆಯ ಇತಿಹಾಸದಲ್ಲಿ ಇದು ಯಾಕೆ ಬಂತು ಅಂದಿರಾ? ಬೀಗ ಹಾಕಿ ಹೋದ ಮನೆಗಳಿಗೆ ಎಲ್ಲರೂ ಮರಳಲಿಲ್ಲ. ಯಾರೂ ಮರಳದ ಮನೆಯ ಗೋಡೆ ಮಳೆಗೆ ಕುಸಿಯುತ್ತದೆ, ಇಲ್ಲವೇ ಇನ್ನೊಬ್ಬರು ಒಳಗೆ ಒಲೆ ಹಚ್ಚುತ್ತಾರೆ. ಊರ ಬಾಯಲ್ಲೇ ಇದ್ದ ಹಕ್ಕು, ಊರು ಬಾಯಿ ಮುಚ್ಚಿದ ದಿನ ಹೋಗುತ್ತದೆ. ಹಿಂದೂ ಆಗಲಿ ಮುಸ್ಲಿಮ ಆಗಲಿ, ಕಾಗದವಿಲ್ಲದೆ ಓಡಿದವನಿಗೆ 'ಇದು ನನ್ನದು' ಅಂತ ತೋರಿಸಲು ಏನಿತ್ತು? ಹಾಳುಬಿದ್ದ ಹಳೆಯ ಜಾಗವನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮುಂಚೆ, ಅದು ಹಾಳು ಬಿದ್ದದ್ದು ಹೇಗೆ ಅಂತ ಕೇಳುವುದು ಕಾನೂನಿಗಿಂತ ಮೊದಲು ಮನುಷ್ಯತ್ವದ ಕೆಲಸ.

ಹೊಸ ಸರ್ಕಾರ ಬಂದ ಮೇಲೆ ಕಾಗದದ ಮಳೆಯೇ ಸುರಿಯಿತು. 1949ರಲ್ಲಿ ಜಾಗೀರು ರದ್ದು. 1950ರಲ್ಲಿ ಗೇಣಿದಾರರ ಕಾಯ್ದೆ. 1954-55ರಲ್ಲಿ ಖಾಸ್ರಾ ಪಹಣಿ. ಹಳೆಯ ಹೈದರಾಬಾದು ಸೀಮೆಯಲ್ಲಿ ಜಮೀನಿನ ತಕರಾರು ಬಂದರೆ ವಕೀಲರು ಇವತ್ತೂ ಮೊದಲು ಹುಡುಕುವುದು ಅದನ್ನೇ. 1956ರ ನವೆಂಬರ್ 1ಕ್ಕೆ ಜಿಲ್ಲೆಯೇ ಮೂರು ಹೋಳಾಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರಿಗೆ ಬಂದವು. ಉದಗೀರ, ನಿಲಂಗಾ, ಅಹಮದಪುರ ಆಗಿನ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ. ಅಣ್ಣನ ಹೊಲ ಒಂದು ರಾಜ್ಯ, ತಂಗಿಯ ಮನೆ ಇನ್ನೊಂದು ರಾಜ್ಯ. ಹೊಳೆ ಮಾತ್ರ ಮೂರೂ ಕಡೆ ಹರಿಯುತ್ತಾ ಇತ್ತು. 1960ರ ದಶಕದಲ್ಲಿ ವತನದಾರಿ ಗ್ರಾಮಾಧಿಕಾರಿಗಳ ಕಾಲವೂ ಮುಗಿದು, ಸರ್ಕಾರಿ ಸಂಬಳದ ಗ್ರಾಮ ಲೆಕ್ಕಿಗರು ಬಂದರು. 1974ರ ಭೂ ಸುಧಾರಣೆ ತಿದ್ದುಪಡಿಯಿಂದ ಉಳುವವನಿಗೆ ಹೊಲ ಸಿಕ್ಕಿತು.

ಇಷ್ಟೆಲ್ಲ ಆದರೂ ಗಾವಠಾಣದ ಒಳಗಿನ ಮನೆ ಹಾಗೇ ಇತ್ತು ನೋಡಿ! ಪಂಚಾಯಿತಿಯ ತೆರಿಗೆ ಪುಸ್ತಕದಲ್ಲಿ ಒಂದು ಹೆಸರು, ಒಂದು ನಂಬರು, ಅಷ್ಟೇ. ಮಾರಾಟ ಅಂದರೆ ಬಾಂಡ್ ಪೇಪರ್ ಮೇಲೆ ನಾಲ್ಕು ಸಾಲು, ಇಬ್ಬರ ಸಾಕ್ಷಿ, ಒಂದು ಹೆಬ್ಬೆಟ್ಟು.

ಈ ಉಡಾಫೆಯ ಬೆಲೆ ಗೊತ್ತಾದದ್ದು ಹೊಳೆಗೆ ಅಣೆಕಟ್ಟು ಬಂದಾಗ.

ಮಾಂಜ್ರಾಕ್ಕೆ ಮೊದಲ ದೊಡ್ಡ ಕಟ್ಟೆ ನಿಜಾಮಸಾಗರ. 1923ರಲ್ಲಿ ಶುರುವಾಗಿ 1931ರಲ್ಲಿ ಮುಗಿಯಿತು. ಅದು ನಮಗಿಂತ ಕೆಳಗೆ, ಈಗಿನ ತೆಲಂಗಾಣದಲ್ಲಿ. ನಮ್ಮ ಮೇಲೆ ಬೀಡ್ ಜಿಲ್ಲೆಯ ಧನೇಗಾಂವದಲ್ಲಿ ಮಾಂಜ್ರಾ ಅಣೆಕಟ್ಟು 1980ರ ಹೊತ್ತಿಗೆ ಎದ್ದಿತು. ಕೆಳಗೆ ಹೈದರಾಬಾದಿಗೆ ಕುಡಿಯುವ ನೀರಿಗಾಗಿ ಸಿಂಗೂರು. ಗೋದಾವರಿ ನ್ಯಾಯಮಂಡಳಿಯ ಅಂತಿಮ ತೀರ್ಪು 1980ರಲ್ಲಿ ಬಂತು. ಕರ್ನಾಟಕದ ಪಾಲು 22.37 ಟಿಎಂಸಿ ಅನ್ನುವ ಲೆಕ್ಕ ನಮ್ಮ ಜಿಲ್ಲೆಯ ಪ್ರತಿ ಚುನಾವಣೆ ಭಾಷಣದಲ್ಲೂ ಕೇಳುತ್ತದೆ. ಅದರಲ್ಲಿ ನಮ್ಮದೇ ದೊಡ್ಡ ಕಟ್ಟೆ ಕಾರಂಜಾ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಹತ್ತಿರ, 7.69 ಟಿಎಂಸಿ ಹಿಡಿಯುವ ಜಲಾಶಯ.

ಕಾರಂಜಾ ನೀರಿನಿಂದ ಬೀದರ ಕುಡಿಯಿತು. ಹೊಲ, ಮನೆ ಮುಳುಗಿದವರ ಕತೆ ಬೇರೆ. ಆಗಿನದು 1894ರ ಭೂಸ್ವಾಧೀನ ಕಾಯ್ದೆ. ಆ ಕಾಯ್ದೆಯ ಪ್ರಕಾರ ಬೆಲೆ ಕಟ್ಟುವಾಗ ಅಕ್ಕಪಕ್ಕ ನೋಂದಣಿಯಾದ ಮಾರಾಟ ಪತ್ರಗಳಲ್ಲಿ ಎಷ್ಟು ಬರೆದಿದೆ ಅಂತ ನೋಡುತ್ತಾರೆ. ನಮ್ಮ ಹಳ್ಳಿಗಳಲ್ಲಿ ಮಾರಾಟವೇ ಅಪರೂಪ. ಆದರೂ ಸ್ಟ್ಯಾಂಪಿನ ದುಡ್ಡು ಉಳಿಸಲು ಕಾಗದದಲ್ಲಿ ಕಡಿಮೆ ಬರೆಸುವುದು ಎಲ್ಲ ಕಡೆಯ ರೂಢಿ. ಹಾಗೆ ಬರೆಸಿದ ಊರಿನಲ್ಲಿ ಕೋರ್ಟು ನಂಬುವುದೂ ಆ ಕಡಿಮೆ ಬೆಲೆಯನ್ನೇ. ಬಾಂಡ್ ಪೇಪರ್ ಮನೆಗಂತೂ ಲೆಕ್ಕವೇ ಕಷ್ಟ. ಪರಿಹಾರ ಕಡಿಮೆಯಾಯಿತು, ಒಬ್ಬರಿಗೊಂದು ಒಬ್ಬರಿಗೊಂದು ಆಯಿತು ಅನ್ನುವ ಕೂಗು ಕಾರಂಜಾ ಸಂತ್ರಸ್ತರದ್ದು. ಜಲಾಶಯ ಕಟ್ಟಿ ದಶಕಗಳೇ ಕಳೆದ ಮೇಲೂ, 2022ರಲ್ಲಿ ಅವರು ಬೀದರಿನಲ್ಲಿ ಧರಣಿ ಕೂತರು. ಧರಣಿ ನಿಂತದ್ದು ನೂರು ದಿನಕ್ಕಲ್ಲ, ಇನ್ನೂರು ದಿನಕ್ಕಲ್ಲ. ಅಜ್ಜ ಕಳೆದುಕೊಂಡ ಮನೆಯ ಬೆಲೆಯನ್ನು ಮೊಮ್ಮಕ್ಕಳು ಕೇಳುತ್ತಿದ್ದಾರೆ.

ಈಗ ತೇರಣಾ ಕಡೆ ಬನ್ನಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆ ಹೊಳೆ ಬದಿಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ಸತ್ತವರು ಎಂಟು ಹತ್ತು ಸಾವಿರ. ನಮ್ಮ ಜಿಲ್ಲೆಯಲ್ಲೂ ಜನ ಮನೆ ಬಿಟ್ಟು ಬಯಲಿಗೆ ಓಡಿದರು. ಕೊಂದದ್ದು ಹೆಚ್ಚಾಗಿ ಮನೆಯೇ: ದಪ್ಪ ಕಲ್ಲಿನ ಗೋಡೆ, ನಡುವೆ ಬರೀ ಮಣ್ಣು, ತಲೆಯ ಮೇಲೆ ವರ್ಷ ವರ್ಷ ಮಣ್ಣು ಹಾಕುತ್ತಾ ಹೋದ ಮಾಳಿಗೆ. ಬೇಸಿಗೆಗೆ ತಂಪು ಅಂತ ನಾವು ಹೊಗಳುವ ಅದೇ ಮಾಳಿಗೆ. ಆಮೇಲೆ 52 ಊರುಗಳನ್ನು ಪೂರ್ತಿ ಬೇರೆ ಕಡೆ ಕಟ್ಟಿದರು. ನಮ್ಮ ಕಡೆ ಅಂದಿನಿಂದ ಪತ್ರಾ ಹೊದಿಸಿದ ಮನೆ, ಆರ್‌ಸಿಸಿ ಮನೆ ಹೆಚ್ಚಾದವು. ಹಳೆಯ ಕಲ್ಲುಮನೆ ನೋಡಿ ಮರುಳಾಗುವವರು ಅದರ ತೊಲೆ, ಜಂತಿ, ಗೋಡೆಯ ಹೊಟ್ಟೆ ಉಬ್ಬಿದೆಯಾ ಇಲ್ಲವಾ ಅಂತ ಒಮ್ಮೆ ನೋಡಲಿ.

ಅಣೆಕಟ್ಟುಗಳು ಇನ್ನೊಂದು ಕೆಲಸ ಮಾಡಿದವು. ಹೊಳೆಯ ಬಗ್ಗೆ ನಮ್ಮ ನೆನಪನ್ನು ಕೆಡಿಸಿದವು.

ಮೊದಲು ಹೊಳೆ ಹೆಚ್ಚೂಕಡಿಮೆ ಪ್ರತಿ ಮಳೆಗಾಲದಲ್ಲಿ ತನ್ನ ಗಡಿ ತೋರಿಸುತ್ತಿತ್ತು. ಮೇಲೆ ಕಟ್ಟೆ ಬಂದ ಮೇಲೆ ಎಷ್ಟೋ ವರ್ಷ ದಂಡೆ ಒಣಗಿಯೇ ಇರುತ್ತದೆ. 2016ರ ಬೇಸಿಗೆ ನೆನಪಿದೆಯಾ? ಧನೇಗಾಂವದ ಕಟ್ಟೆ ಬತ್ತಿ ಲಾತೂರಿಗೆ ಏಪ್ರಿಲಿನಲ್ಲಿ ಮೀರಜಿನಿಂದ ರೈಲಿನಲ್ಲಿ ನೀರು ತಂದರು. ಮಾಂಜ್ರಾ ಪಾತ್ರದಲ್ಲಿ ಮರಳು ಬಿಟ್ಟರೆ ಏನಿರಲಿಲ್ಲ. ಆಗ ದಂಡೆಯಲ್ಲಿ ಪ್ಲಾಟು ನೋಡಿದವನು 'ಇಲ್ಲೆಲ್ಲಿ ನೆರೆ ಬರುತ್ತೆ ಬಿಡ್ರಿ' ಅನ್ನುತ್ತಿದ್ದ. ಅದೇ ವರ್ಷ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಳೆ ಹೊಡೆದು ಅದೇ ಕಟ್ಟೆ ತುಂಬಿತು. ಐದಾರು ತಿಂಗಳ ಅಂತರ, ಅಷ್ಟೇ! 2025ರ ಆಗಸ್ಟ್, ಸೆಪ್ಟೆಂಬರಿನಲ್ಲಿ ಮತ್ತೆ ಮಾಂಜ್ರಾ ಉಕ್ಕಿತು. ಭಾಲ್ಕಿ, ಔರಾದ, ಕಮಲನಗರ ತಾಲ್ಲೂಕಿನ ದಂಡೆಯ ಸೋಯಾ, ತೊಗರಿ, ಉದ್ದು ನೀರಿನಲ್ಲಿ ನಿಂತು ಕೊಳೆಯಿತು. ಮೇಲಿನ ಗೇಟು ತೆರೆಯುವವರು ಇನ್ನೊಂದು ರಾಜ್ಯದವರು, ನೀರು ಇಳಿಯುವುದು ನಮ್ಮ ಹೊಲಕ್ಕೆ.

ನೆರೆಯ ಬಯಲಿನಲ್ಲಿ ಎಲ್ಲಿ ಏನು ಕಟ್ಟಬಹುದು ಅಂತ ಗೆರೆ ಎಳೆಯಲು ಕೇಂದ್ರ ಸರ್ಕಾರ 1975ರಲ್ಲೇ ಒಂದು ಮಾದರಿ ಮಸೂದೆ ಮಾಡಿ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಕೆಲವೇ ರಾಜ್ಯಗಳು ಅದರ ಮೇಲೆ ಕಾಯ್ದೆ ಮಾಡಿದವು. ನಮ್ಮ ಹಳ್ಳಿಯ ಕಾಳಿ, ಪಾಂಢರಿ ಅನ್ನುವ ಎರಡು ಮಾತು ಆ ಕೆಲಸವನ್ನು ಎಂದೋ ಮಾಡಿ ಮುಗಿಸಿದ್ದವು.

ಕಾಗದದ ಕಡೆ ಮಾತ್ರ ಈಚೆಗೆ ಬಹಳ ಸುಧಾರಣೆ ಆಗಿದೆ, ಸುಳ್ಳು ಹೇಳಬಾರದು. 2000ದ ಆಚೀಚೆ ಭೂಮಿ ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಬಂತು. ಹತ್ತು ಹನ್ನೆರಡು ವರ್ಷ ಬಿಟ್ಟು ಇ-ಸ್ವತ್ತು ಬಂದು ಹಳ್ಳಿ ಮನೆಗೂ ನಮೂನೆ 9, ನಮೂನೆ 11 ಸಿಗುವಂತಾಯಿತು. 2020ರಲ್ಲಿ ಕೇಂದ್ರದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನು ಹಾರಿಸಿ ಆಬಾದಿಯ ಒಳಗಿನ ಮನೆಗಳನ್ನೂ ಅಳೆಯಲು ಶುರು ಮಾಡಿದರು. ಸಾಲಾರ್ ಜಂಗನ ಸರ್ವೆಯವರು ಗೆರೆ ಹಾಕಿ ಬಿಟ್ಟ ಜಾಗದೊಳಗೆ ಸರ್ಕಾರ ಕಾಲಿಡಲು ನೂರೈವತ್ತು ವರ್ಷದ ಹತ್ತಿರ ಬೇಕಾಯಿತು! 2023ರ ಜನವರಿಯಲ್ಲಿ ಮಳಖೇಡದಲ್ಲಿ ಲಂಬಾಣಿ ತಾಂಡಾಗಳ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟಾಗ ಬೀದರ ಜಿಲ್ಲೆಯ ತಾಂಡಾಗಳೂ ಸೇರಿದ್ದವು. ಔರಾದ ಕಡೆ ತಾಂಡಾಗಳು ಎಷ್ಟು ಅಂತ ಗೊತ್ತಿರುವವರಿಗೆ ಅದರ ಬೆಲೆ ಗೊತ್ತು. ತಲೆಮಾರುಗಳಿಂದ ಇದ್ದ ಮನೆ ಮೊದಲ ಸಲ ಅವರದ್ದಾಯಿತು.

ಇನ್ನೊಂದು ಕಡೆ, 2020ರಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದರು. ರೈತರಲ್ಲದವರೂ ಹೊಲ ಕೊಳ್ಳಬಹುದು ಅಂತಾಯಿತು. ದಂಡೆಯ ಹೊಲಕ್ಕೆ ಪಟ್ಟಣದ ಗಿರಾಕಿ ಬಂದದ್ದು ಹೀಗೆ. ಹೊಲ ಕೊಂಡ ಮಾತ್ರಕ್ಕೆ ಅದರಲ್ಲಿ ಮನೆ ಕಟ್ಟುವ ಹಕ್ಕು ಬರುವುದಿಲ್ಲ. ಅದಕ್ಕೆ ಬೇಸಾಯೇತರ ಪರಿವರ್ತನೆ ಆಗಬೇಕು. 'ಎನ್.ಎ. ಆಗ್ಯಾದ್ರಿ' ಅಂತ ಬಾಯಲ್ಲಿ ಹೇಳಿದರೆ ಸಾಲದು, ಆದೇಶ ನೋಡಿ. ನಮೂನೆ 11ಎ, 11ಬಿ ಎರಡಕ್ಕೂ ಫರಕಿದೆ. ಸರಿಯಾದ ನಮೂನೆ 9ರ ಜೊತೆ ಬರುವುದು 11ಎ, ಅದನ್ನು ಕೇಳಿ. ಬೆಲೆಯನ್ನು ಪೂರ್ತಿ ಬರೆಸಿ, ಕಾರಂಜಾದವರ ಪಾಡು ನೆನಪಿರಲಿ.

ಇಷ್ಟು ಕಾಗದದ ಕೆಲಸ. ಇದನ್ನು ಒಳ್ಳೆಯ ವಕೀಲರು ಮಾಡಿಕೊಡುತ್ತಾರೆ. ಹೊಳೆಯ ಕೆಲಸವನ್ನು ನೀವೇ ಮಾಡಬೇಕು.

ಒಂದು ಮಳೆಗಾಲ ಕಾಯಿರಿ. ಬೇಸಿಗೆಯಲ್ಲಿ ನೋಡಿ ಬೇಸಿಗೆಯಲ್ಲೇ ಬಯಾನಾ ಕೊಟ್ಟು ಬರಬೇಡಿ. ಊರಿನ ಹಳೆಯ ಗುಡಿ, ಹಳೆಯ ಮಸೀದಿ ಎಷ್ಟು ಎತ್ತರಕ್ಕಿವೆ ನೋಡಿ, ನಿಮ್ಮ ಜಾಗ ಅದಕ್ಕಿಂತ ಎಷ್ಟು ತಗ್ಗು ನೋಡಿ. ಮಣ್ಣು ಕೈಯಲ್ಲಿ ಹಿಡಿದು ನೋಡಿ, ಕಾಳಿಯೋ ಪಾಂಢರಿಯೋ. 2016ರಲ್ಲಿ, 2025ರಲ್ಲಿ ನೀರು ಎಲ್ಲಿಯವರೆಗೆ ಬಂತು ಅಂತ ಮಾರುವವರನ್ನು ಕೇಳಬೇಡಿ, ದನ ಕಾಯುವವರನ್ನು ಕೇಳಿ. ಊರ ಅಂಚಿನ ಕೇರಿಯ ಅಜ್ಜಿಯರನ್ನು ಕೇಳಿ, ಅವರ ಒಲೆಗೆ ನೀರು ಬಂದ ವರ್ಷಗಳು ಅವರಿಗೆ ಬಾಯಿಪಾಠ.

ಇನ್ನು ಊರಿನೊಳಗೆ ಬಾಳುವುದು. ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಬಂದರೆ ಗೊತ್ತಾಗುತ್ತದೆ. ಊರಿಗೆ ಊರೇ ಹೊಲದಲ್ಲಿರುತ್ತದೆ. ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ. ದಾರಿಯಲ್ಲಿ ಹೋಗುವವರನ್ನೂ "ಬರ್ರಿ ಕಾಕಾ, ಉಂಡು ಹೋಗ್ರಿ" ಅಂತ ಕರೆಯುತ್ತಾರೆ. ಊಟ ಮುಂಚೆ ಹೊಲಕ್ಕೆಲ್ಲ ಚರಗ ಚೆಲ್ಲುತ್ತಾರೆ, ಭೂಮಿ ಮೊದಲು ಉಣ್ಣಲಿ ಅಂತ. ದಂಡೆಯಲ್ಲಿ ನಾಲ್ಕು ಸುತ್ತ ತಂತಿ ಬೇಲಿ ಹಾಕಿ, ಗೇಟಿಗೆ ಬೀಗ ಹಾಕಿ, ವರ್ಷಕ್ಕೆರಡು ಸಲ ಬರುವ ಮನೆಗೆ ಈ ಕರೆ ಬರುವುದಿಲ್ಲ. ಬೇಲಿ ಹಾಕಿದ ಜಾಗದಲ್ಲಿ ಮೊದಲು ದನ ನೀರಿಗೆ ಇಳಿಯುವ ದಾರಿ ಇತ್ತೇನೋ, ಹೆಣ ಸುಡುವ ದಾರಿ ಇತ್ತೇನೋ. ಅದೂ ಯಾವ ನಮೂನೆಯಲ್ಲೂ ಬರೆದಿರುವುದಿಲ್ಲ.

ನಮ್ಮ ಹಿರಿಯರು ದಂಡೆ ಬಿಟ್ಟದ್ದು ಅರಿವಿಲ್ಲದೆ ಅಲ್ಲ ಅನ್ನುವುದು ಇಷ್ಟು ಓದಿದ ಮೇಲೆ ನನಗೆ ಖಾತ್ರಿಯಾಗಿದೆ. ಆ ಅರಿವು ಬಾಯಲ್ಲಿತ್ತು, ನಕ್ಷೆಯಲ್ಲಿ ಇರಲಿಲ್ಲ. ಹಕ್ಕೂ ಬಾಯಲ್ಲಿತ್ತು, ಪತ್ರದಲ್ಲಿ ಇರಲಿಲ್ಲ. ಹಕ್ಕನ್ನು ಈಗ ಬರೆದಿಡುತ್ತಿದ್ದೇವೆ. ನೀರು ಎಲ್ಲಿಯವರೆಗೆ ಬರುತ್ತದೆ ಅನ್ನುವುದನ್ನು ಬರೆದಿಡುವವರು ಇನ್ನೂ ಬಂದಿಲ್ಲ. ಪ್ರತಿ ದಂಡೆಯ ಊರಿನ ಪಂಚಾಯಿತಿ ಗೋಡೆಯ ಮೇಲೆ ನೆರೆ ಮುಟ್ಟಿದ ವರ್ಷ, ಮುಟ್ಟಿದ ಜಾಗ ಬರೆಸಿದರೆ ಎಷ್ಟು ಖರ್ಚು? ಒಂದು ಡಬ್ಬಿ ಪೇಂಟು. ಹೇಳಬಲ್ಲ ಹಿರಿಯರು ಇರುವಾಗಲೇ ಆಗಬೇಕು ಈ ಕೆಲಸ.

ನೀವು ಘಟಪ್ರಭೆಯವರೋ, ಭೀಮೆಯವರೋ, ತುಂಗೆಯವರೋ... ನಿಮ್ಮ ಊರಿನಲ್ಲಿ ಹಳೆಯ ಮನೆಗಳು ಹೊಳೆಯಿಂದ ಎಷ್ಟು ದೂರ ನಿಂತಿವೆ? ಉಳುವ ನೆಲಕ್ಕೂ ಮಲಗುವ ನೆಲಕ್ಕೂ ನಿಮ್ಮಲ್ಲಿ ಏನು ಹೆಸರು? ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಗೊತ್ತಿಲ್ಲದಿದ್ದರೆ ಈ ಸಲ ಊರಿಗೆ ಹೋದಾಗ ಅಜ್ಜಿಯನ್ನು ಕೇಳಿಕೊಂಡು ಬಂದು ಬರೆಯಿರಿ.